ಗುಟ್ಟು ಬಿಟ್ಟುಕೊಟ್ಟ ಹುಳಿ

ಮನೆಯಲ್ಲಿ ಒಬ್ಬರು ಸೀನಿದರೆ ಸಾಕು, ಪರೀಕ್ಷೆಗೆ ಓದುವ ಮಕ್ಕಳಿಗೆ ವಿಟಮಿನ್ 'ಸಿ' ಮಾತ್ರೆ ಕೊಡುವುದು ಬನಶಂಕರಿಯ ಮನೆಗಳಿಗೂ ಹೊಸತಲ್ಲ. ಅದು ನೆಗಡಿಯನ್ನು ತಡೆಯುತ್ತದೆಯೇ?

ತಡೆಯುತ್ತದೆಂದು 1970ರಲ್ಲಿ ವಾದಿಸಿದವರು ನೊಬೆಲ್ ವಿಜ್ಞಾನಿ ಲೈನಸ್ ಪೌಲಿಂಗ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದನ್ನು ತನ್ನ ನೌಕರರ ಮೇಲೆಯೇ ಪರೀಕ್ಷಿಸಿತು. ಕೆಲವರಿಗೆ ವಿಟಮಿನ್, ಉಳಿದವರಿಗೆ ಹಾಲಿನ ಸಕ್ಕರೆ. ಯಾರಿಗೆ ಯಾವುದೆಂಬುದು ಗುಟ್ಟು. ಆದರೆ ಹಲವರು ಕ್ಯಾಪ್ಸೂಲಿನ ರುಚಿ ನೋಡಿಬಿಟ್ಟರು! ನೆಗಡಿ ಬೇಗ ಇಳಿದಂತೆ ಕಂಡದ್ದು ಗುಟ್ಟು ತಿಳಿದವರಲ್ಲಿ ಮಾತ್ರ ಎಂದಿತು 1975ರ ವರದಿ.

ಮುಂದಿನ ಪರೀಕ್ಷೆಗಳ ಒಟ್ಟು ಸಾರ: ನಿತ್ಯ ಸೇವಿಸಿದರೂ ಸಾಮಾನ್ಯರಿಗೆ ನೆಗಡಿ ತಪ್ಪದು, ಮಕ್ಕಳಲ್ಲಿ ಅವಧಿ ಸುಮಾರು ಶೇ 14 ತಗ್ಗುತ್ತದೆ. ನೆಗಡಿ ಹಿಡಿದ ಮೇಲೆ ನುಂಗಿದರೆ ಖಚಿತ ಲಾಭವಿಲ್ಲ. ಸೀನಿದವರ ಮನೆಯಲ್ಲಿ ಮಾತ್ರೆಗಿಂತ ಮೊದಲು ಬೇಕಾದುದು ಸೋಪು, ನೀರು.