ಡಯಾಲಿಸಿಸ್ ಕೈಯ ನರ ಕಟ್ಟುವ ಮುನ್ನ



ಒಂದು ಲೀಟರ್ ಹಾಲು ತಯಾರಾಗಲು ಆಕಳ ಕೆಚ್ಚಲಿನಲ್ಲಿ ಸುಮಾರು 400ರಿಂದ 500 ಲೀಟರ್ ರಕ್ತ ಹರಿಯಬೇಕು. ಆದ್ದರಿಂದಲೇ ಆಕಳು ಕೊಳ್ಳುವಾಗ ಹೊಟ್ಟೆಯ ಕೆಳಗಿನ ಹಾಲಿನ ನರವನ್ನು ಮುಟ್ಟಿ ನೋಡುತ್ತೇವೆ. ಇದೇ ಕೈ ತಿಳಿವಳಿಕೆ ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದವರಿಗೂ ಬೇಕು. ಮುರಗೋಡ ಭಾಗದ ಸಂಘಗಳಲ್ಲಿ ದನಗಳ ವಿಷಯ ಮುಗಿದ ಮೇಲೆ ಇದನ್ನು ಕೇಳುವವರಿದ್ದಾರೆ. ನಾನು ದನದ ವೈದ್ಯ. ಆದರೂ ರಕ್ತ ಹರಿಯುವ ರೀತಿ ಎರಡೂ ಕಡೆ ಒಂದೇ.

ಮೂತ್ರಪಿಂಡ ಕೆಟ್ಟವರ ರಕ್ತವನ್ನು ವಾರಕ್ಕೆ ಎರಡು-ಮೂರು ಸಲ ಯಂತ್ರದಿಂದ ಶುದ್ಧಿ ಮಾಡುತ್ತಾರೆ. ಯಂತ್ರ ನಿಮಿಷಕ್ಕೆ 200-300 ಮಿ.ಲೀ. ರಕ್ತ ಎಳೆಯುತ್ತದೆ. ಸಾಮಾನ್ಯ ನರ ಇಷ್ಟು ಕೊಡಲಾರದು. ಅದಕ್ಕಾಗಿ ಕೈಯ ಶುದ್ಧರಕ್ತನಾಳವನ್ನು ಪಕ್ಕದ ನರಕ್ಕೆ ಹೊಲಿದು ಫಿಸ್ಟುಲಾ ಮಾಡುತ್ತಾರೆ. 1966ರಲ್ಲಿ ಅಮೆರಿಕದ ಬ್ರೆಸಿಯಾ, ಸಿಮಿನೊ ಮೊದಲಾದ ವೈದ್ಯರು ಪ್ರಕಟಿಸಿದ ವಿಧಾನವಿದು. ದಿನಗಳೆದಂತೆ ಈ ನರದ ಒಳಗೋಡೆ ದಪ್ಪಾಗಿ ದಾರಿ ಕಿರಿದಾಗಬಹುದು. ಆಗ ರಕ್ತ ಸಾಕಷ್ಟು ಸಿಗದೆ ಶುದ್ಧಿ ಅರೆಬರೆಯಾಗುತ್ತದೆ; ಕೊನೆಗೆ ಹೆಪ್ಪುಗಟ್ಟಿ ಮುಚ್ಚಿಯೇ ಹೋಗುತ್ತದೆ. ಮತ್ತೆ ಕುತ್ತಿಗೆಯಲ್ಲಿ ನಳಿಕೆ, ಸೋಂಕಿನ ಭಯ, ಇನ್ನೊಂದು ಶಸ್ತ್ರಚಿಕಿತ್ಸೆ.

ದಿನಾ ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ಕೈ ತೊಳೆದು ಫಿಸ್ಟುಲಾದ ಮೇಲೆ ಬೆರಳಿಡಿ. ಬೆಕ್ಕು ಗುರುಗುಟ್ಟಿದಂತೆ ಎಡೆಬಿಡದ ಕಂಪನ ತಿಳಿಯಬೇಕು. ಅದು ಕ್ಷೀಣಿಸಿ ಬರೀ ಟಕ್ ಟಕ್ ಎಂದು ಬಡಿದರೆ ಮುಂದೆ ಎಲ್ಲೋ ಇಕ್ಕಟ್ಟಾಗಿರಬಹುದು. ಪಂಪ್‌ಸೆಟ್ಟಿನ ಪೈಪನ್ನು ಮುಂದೆ ಮಡಚಿದರೆ ಹಿಂದಿನ ಭಾಗ ಬಿಗಿದು ಒದೆಯುವುದಿಲ್ಲವೇ, ಹಾಗೆ. ಕಿವಿಯಿಟ್ಟಾಗ ಕೇಳುವ ಸುಯ್ಯೆಂಬ ಸದ್ದು ಸಿಳ್ಳೆಯಂತಾದರೂ ಸಂಶಯಪಡಿ. ಕೈ ಮೇಲೆತ್ತಿದಾಗ ಉಬ್ಬಿದ ನರ ಇಳಿಯಬೇಕು. ಇಳಿಯದಿದ್ದರೆ ರಕ್ತ ಎದೆಯ ಕಡೆ ಸರಾಗವಾಗಿ ಹೋಗುತ್ತಿಲ್ಲ. ಸೂಜಿ ತೆಗೆದ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ರಕ್ತ ಒಸರುವುದು, ಕೈ ಊದುವುದು, ಯಂತ್ರದಲ್ಲಿ ಪದೇ ಪದೇ ಒತ್ತಡ ಏರುವುದು ಕೂಡ ಇದೇ ತೊಂದರೆಯ ಗುರುತುಗಳು.

ಇಕ್ಕಟ್ಟಿನ ಹಂತದಲ್ಲೇ ಗೊತ್ತಾದರೆ ಡಾಪ್ಲರ್ ಸ್ಕ್ಯಾನ್ ಮಾಡಿ ಜಾಗ ಗುರುತಿಸಿ, ಒಳಗೆ ಬಲೂನು ಉಬ್ಬಿಸಿ ಹಿಗ್ಗಿಸಬಹುದು. ಕಂಪನ ಪೂರ್ತಿ ನಿಂತಿದ್ದರೆ ಮುಂದಿನ ಪಾಳಿಯವರೆಗೆ ಕಾಯಲೇಬೇಡಿ; ಆಗಿಂದಾಗಲೇ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ. ಎಣ್ಣೆ ಹಚ್ಚಿ ತಿಕ್ಕುವುದು ಬೇಡ.

ಆ ಕೈಯಿಂದ ಹಾಲಿನ ಕ್ಯಾನು ಎತ್ತಬಾರದು, ದನದ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಬಿಗಿ ಬಳೆ, ಗಡಿಯಾರ, ಬಿ.ಪಿ. ಪಟ್ಟಿ ಬೇಡ. ಸೂಜಿ ಚುಚ್ಚಿದ ಗಾಯ ಹಸಿಯಿರುವಾಗ ಸಗಣಿ ಬಳಿಯುವ ಕೆಲಸ ಬೇರೆಯವರು ಮಾಡಲಿ. ಹಾಲು ಹಿಂಡಬಹುದೇ ಎಂದು ಹಲವರು ಕೇಳುತ್ತಾರೆ. ನಿಮ್ಮ ವೈದ್ಯರು ಒಪ್ಪಿದರೆ ಹಿಂಡಿ, ಒದೆಯುವ ಎಮ್ಮೆಯನ್ನು ಮಾತ್ರ ಮನೆಯ ಬೇರೆಯವರಿಗೆ ಬಿಡಿ.