ಅತಿವೇಗವೂ ಮನುಷ್ಯದೇಹವೂ

ಆಕಾಶದಲ್ಲಿ ಅಷ್ಟು ವೇಗವಾಗಿ ಹೋದರೆ ಮನುಷ್ಯನ ಎಲುಬು ಮುರಿಯದೇ ಎಂದು ನಮ್ಮ ಊರಿನ ಹಿರಿಯರು ಕೇಳುವುದುಂಟು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಉತ್ತರದ ಹೊಣೆಯೂ ನನ್ನದಾಯಿತು.

ವೇಗವು ದೇಹವನ್ನು ಬಾಧಿಸದು. 2025ರಲ್ಲಿ ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಸೆಕೆಂಡಿಗೆ 7.7 ಕಿಲೋಮೀಟರಿನಂತೆ ಚಲಿಸುತ್ತಿದ್ದರು. ಆ ವೇಗಕ್ಕೆ ಚನ್ನಪಟ್ಟಣದಿಂದ ರಾಮನಗರಕ್ಕೆ ಎರಡು ಸೆಕೆಂಡೂ ಹಿಡಿಯದು. ಆದರೂ ಅವರು ತೇಲಾಡುತ್ತ ಕೆಲಸ ಮಾಡಿದರು. ಬಾಧಿಸುವುದು ವೇಗದ ಬದಲಾವಣೆ. ಕನಕಪುರದ ಬಸ್ಸಿನಲ್ಲಿ ನಿಂತು ಬರುವ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲುಬಿನ ಮಾತಿಗೆ ಬಂದರೆ, ಅದು ಮುರಿಯದು, ಸವೆಯುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರಷ್ಟು!

ಬೆಳಕಿನ ವೇಗದ ಹತ್ತರಲ್ಲೊಂದು ಪಾಲು, ಅಂದರೆ ಸೆಕೆಂಡಿಗೆ 30,000 ಕಿಲೋಮೀಟರ್, ಮುಟ್ಟಬೇಕೆನ್ನೋಣ. ನೆಲದ ಮೇಲಿನ ನಮ್ಮ ತೂಕವೇ ನೌಕೆಯಲ್ಲೂ ಅನುಭವವಾಗುವಂತೆ ವೇಗ ಏರಿಸಿದರೆ 35 ದಿನ ಸಾಕು. ದೇಹ ತಾಳುತ್ತದೆ, ಇಂಧನ ಸಾಲದು. ಹೊರಡಲು ಬೇಕಾದಷ್ಟೇ ಸಾಹಸ ನಿಲ್ಲಲೂ ಬೇಕು. ನಿಲ್ಲುವ ಇಂಧನವನ್ನು ಮೊದಲೇ ಹೊರಬೇಕು, ಆ ಹೊರೆಯನ್ನು ತಳ್ಳಲು ಮತ್ತಷ್ಟು ಇಂಧನ! ಇಂದಿನ ರಾಕೆಟ್ಟುಗಳಿಂದ ಆಗದ ಮಾತು. ದಾರಿಯಲ್ಲಿ ಒಂದು ಗ್ರಾಂ ಧೂಳು ತಾಗಿದರೂ ಸುಮಾರು 100 ಟನ್ ಸಿಡಿಮದ್ದು ಸಿಡಿದಂತೆ.

ಇಷ್ಟೆಲ್ಲ ಗೆದ್ದರೂ ಅತಿ ಸಮೀಪದ ನಕ್ಷತ್ರಕ್ಕೆ 42 ವರ್ಷ. ನನ್ನ ವಯಸ್ಸಿನವನು ಹೊರಟರೆ ಅರವತ್ತು ದಾಟಿ ಇಳಿದಾನು. ಬಿಡದಿಗೆ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಅಂಟೆನಾ ಇದೆ. 2008ರಲ್ಲಿ ಚಂದ್ರಯಾನದ ಸಂಕೇತಗಳನ್ನು ಆಲಿಸಿದ್ದು ಅದೇ. ಚಂದ್ರನಿಂದ ಅದಕ್ಕೆ ಸುದ್ದಿ ಬರಲು ಒಂದೂಕಾಲು ಸೆಕೆಂಡು. ಆ ನಕ್ಷತ್ರದ ಬಳಿಯಿಂದ ಒಬ್ಬನು ‘ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂದು ಕೇಳಿದರೆ, ಉತ್ತರ ಅವನಿಗೆ ತಲುಪುವುದು ಎಂಟೂವರೆ ವರ್ಷಗಳ ತರುವಾಯ.