ನಿಮಗಿದು ಗೊತ್ತೇ? ಒಂದು ಇಮೇಜ್, ಎಂಬತ್ತು ಡಿಸ್ಕ್

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎಮುಲ್ಯಾಬ್‌ನಲ್ಲಿ ಸಂಶೋಧಕರು ದೂರದಿಂದಲೇ ಒಂದಷ್ಟು ಕಂಪ್ಯೂಟರುಗಳನ್ನು ಕೇಳಿ ಪಡೆಯಬಹುದು. ರೂಟ್ ಅಧಿಕಾರದ ಸಮೇತ ಕೈಗೆ ಬರುವುದು ನಿಜವಾದ ಯಂತ್ರ. ಕರ್ನಲ್ ಬದಲಿಸಿ, ಫೈಲ್ ಸಿಸ್ಟಮ್ ಕೆಡಿಸಿ, ಯಾರೂ ಗದರುವುದಿಲ್ಲ. ಕೆಲಸ ಮುಗಿದು ಯಂತ್ರ ಬಿಟ್ಟುಕೊಟ್ಟ ಮೇಲೆ ಅದರ ಡಿಸ್ಕಿನ ಮೇಲೆ ಹೊಸದಾಗಿ ಇಮೇಜ್ ಬರೆದುಬಿಡುತ್ತಾರೆ. ಆಪರೇಟಿಂಗ್ ಸಿಸ್ಟಮ್ ಸಮೇತ ಇಡೀ ಡಿಸ್ಕನ್ನು ಅಥವಾ ಅದರ ಒಂದು ಪಾರ್ಟಿಷನ್ನನ್ನು ಒಂದೇ ಫೈಲಿನಲ್ಲಿ ಹಿಡಿದಿಟ್ಟದ್ದೇ ಡಿಸ್ಕ್ ಇಮೇಜ್. ತನಗೆ ಬೇಕಾದಂತೆ ಲಿನಕ್ಸ್ ಹೊಂದಿಸಿಕೊಂಡವರು ಸ್ವಂತ ಇಮೇಜ್ ತೆಗೆದಿಡದಿದ್ದರೆ, ಡಿಸ್ಕಿನಲ್ಲಿದ್ದದ್ದೆಲ್ಲ ಹೋದಂತೆಯೇ.

★

50 ಗಿಗಾಬೈಟ್ ದತ್ತಾಂಶವನ್ನು 80 ಡಿಸ್ಕುಗಳಿಗೆ ಹಂಚಿ ಬರೆಯಲು ಎಷ್ಟು ಹೊತ್ತು ಬೇಕು? 34 ಸೆಕೆಂಡು. ಅದೂ 2003ರ ಮಾಮೂಲಿ ಪಿಸಿಗಳಲ್ಲಿ! ಎಮುಲ್ಯಾಬ್ ತಂಡದ ಫ್ರಿಸ್ಬಿ ಎಂಬ ತಂತ್ರಾಂಶದ ಬಗ್ಗೆ ಆ ವರ್ಷ ಯೂಸ್‌ನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಕೊಟ್ಟ ಲೆಕ್ಕ ಇದು.

★

ಈ ವೇಗದ ಗುಟ್ಟು ಮೂರು. ಒಂದು, ಖಾಲಿ ಜಾಗವನ್ನು ನಕಲು ಮಾಡುವುದೇ ಇಲ್ಲ. ಫ್ರಿಸ್ಬಿಯ ಇಮೇಜ್‌ಜಿಪ್‌ಗೆ ಫೈಲ್ ಸಿಸ್ಟಮಿನ ಒಳಗುಟ್ಟು ಗೊತ್ತು. ಯಾವ ಬ್ಲಾಕ್ ಬಳಕೆಯಲ್ಲಿದೆ, ಯಾವುದು ಇಲ್ಲ ಎಂದು ನೋಡಿಯೇ ಮುಟ್ಟುತ್ತದೆ. ಎರಡು, ಉಳಿದದ್ದನ್ನು ಒಂದೊಂದು ಮೆಗಾಬೈಟಿನ ತುಂಡುಗಳಾಗಿ ಕುಗ್ಗಿಸಿಡುತ್ತದೆ. ಪ್ರತಿ ತುಂಡೂ ಸ್ವತಂತ್ರ, ಯಾವುದು ಮೊದಲು ಬಂದರೂ ಬಿಡಿಸಿ ಬರೆದುಕೊಳ್ಳಬಹುದು. ಮೂರು, ಮಲ್ಟಿಕಾಸ್ಟ್: ಸರ್ವರ್ ಒಂದು ತುಂಡನ್ನು ಒಮ್ಮೆ ಕಳಿಸಿದರೆ ಕಾಯುತ್ತಿರುವ ಎಲ್ಲ ಯಂತ್ರಗಳಿಗೂ ಅದು ಸಿಗುತ್ತದೆ. ನಡುವೆ ಬಂದು ಸೇರಿಕೊಂಡ ಯಂತ್ರದ ಕಥೆ ಮದುವೆ ಪಂಕ್ತಿಗೆ ತಡವಾಗಿ ಕೂತವನದ್ದೇ. ಸದ್ಯ ಬಡಿಸುತ್ತಿರುವುದು ಎಲೆಗೆ ಬೀಳುತ್ತದೆ, ತಪ್ಪಿಹೋದ ಕೋಸಂಬರಿಯನ್ನು ಆಮೇಲೆ ಕೇಳಿ ಹಾಕಿಸಿಕೊಳ್ಳಬೇಕು.

ನನ್ನ ಮಟ್ಟಿಗೆ ಮೊದಲನೆಯದೇ ಎಲ್ಲಕ್ಕಿಂತ ಜಾಣ ಉಪಾಯ. ವೇಗವಾಗಿ ಸಾಗಿಸುವುದಕ್ಕಿಂತ ಸಾಗಿಸದೇ ಇರುವುದು ಯಾವಾಗಲೂ ಬೇಗ!

★

ಓಡುತ್ತಿರುವ ಲಿನಕ್ಸ್ ತನ್ನ ಕಾಲಡಿಯ ಡಿಸ್ಕನ್ನೇ ಅಳಿಸಿ ಬರೆಯುವುದು ಹೇಗೆ? ಬರೆಯುವುದಿಲ್ಲ. ಎಮುಲ್ಯಾಬ್ ಯಂತ್ರ ಮೊದಲು ನೆಟ್‌ವರ್ಕಿನಿಂದ ಒಂದು ಪುಟ್ಟ ಫ್ರೀಬಿಎಸ್‌ಡಿಯನ್ನು ತರಿಸಿಕೊಂಡು, ಮೆಮೊರಿಯಲ್ಲೇ ಬೂಟ್ ಆಗುತ್ತದೆ. ಡಿಸ್ಕಿಗೆ ಲಿನಕ್ಸನ್ನು ಬರೆಯುವುದು ಆ ಫ್ರೀಬಿಎಸ್‌ಡಿ.

★

ನೆಟ್‌ವರ್ಕ್ ಬೂಟಿನಲ್ಲಿ ಸಾಮಾನ್ಯವಾಗಿ ಬಳಸುವ ಟಿಎಫ್‌ಟಿಪಿ 1981ರದ್ದು. ಮೂಲ ನಿಯಮದ ಪ್ರಕಾರ 512 ಬೈಟ್ ಕಳಿಸಿ, ‘ತಲುಪಿತು’ ಎಂಬ ಉತ್ತರ ಬರುವವರೆಗೂ ಕಾದು, ನಂತರವೇ ಮುಂದಿನ 512. ಬೂಟ್ ಮಾಡಲು ಬೇಕಾದ ಸಣ್ಣ ಫೈಲುಗಳಿಗೆ ಇಷ್ಟು ಸಾಕು. ದೊಡ್ಡ ಇಮೇಜನ್ನು ಇದರಲ್ಲಿ ಕಳಿಸಹೊರಟರೆ ಕಾಫಿ ಮುಗಿಸಿ ಊಟಕ್ಕೂ ಹೋಗಿಬರಬಹುದು.

★

ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಬೂಟ್ ಸಂಕೇತಕ್ಕೆ ಸಿಗುವ ಜಾಗ ಬರೀ 446 ಬೈಟ್. ನಂತರದ 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಎಮುಲ್ಯಾಬ್‌ನ ಹಳೆಯ ವಿನ್ಯಾಸದಲ್ಲಿ ಆ ನಾಲ್ಕರಲ್ಲಿ ಮೊದಲನೆಯದು ಫ್ರೀಬಿಎಸ್‌ಡಿಗೆ, ಎರಡನೆಯದು ಲಿನಕ್ಸಿಗೆ, ಮೂರನೆಯದು ಸ್ವಾಪ್‌ಗೆ, ನಾಲ್ಕನೆಯದು ಖಾಲಿ. ಲಿನಕ್ಸ್ ಪಾರ್ಟಿಷನ್ನಿನ ಇಮೇಜ್ ಮಾಡುವವರು ಬೂಟ್ ಲೋಡರನ್ನು ಆ ಪಾರ್ಟಿಷನ್ನಿನ ತಲೆಯಲ್ಲೇ ಇಡಬೇಕು. ಎಂಬಿಆರ್‌ನಲ್ಲಿಟ್ಟರೆ ಅದು ಇಮೇಜಿನೊಳಗೆ ಬರುವುದೇ ಇಲ್ಲ.

★

ಇಮೇಜ್ ತಯಾರಿಯಲ್ಲಿ ಹೊಸದನ್ನು ಸೇರಿಸುವುದು ಸುಲಭದ ಭಾಗ. ಮೂಲ ಯಂತ್ರದ ಗುರುತುಗಳನ್ನು ಅಳಿಸುವುದೇ ಕಷ್ಟ. ಎಮುಲ್ಯಾಬ್‌ನ ಲಿನಕ್ಸಿನಲ್ಲಿ ಇದಕ್ಕೆಂದೇ ‘ಪ್ರಿಪೇರ್’ ಎಂಬ ಸ್ಕ್ರಿಪ್ಟ್ ಇದೆ. ಬಳಕೆದಾರರ ಖಾತೆ, ಲಾಗ್, ನೆಟ್‌ವರ್ಕ್ ಹೊಂದಿಕೆಗಳನ್ನು ಅದು ಗುಡಿಸಿಹಾಕಿದ ಮೇಲೆಯೇ ಇಮೇಜ್ ತೆಗೆಯಬೇಕು.

★

ನಕಲಾದ ಲಿನಕ್ಸ್ ಯಂತ್ರಗಳು ಒಂದೇ ಐಪಿ ವಿಳಾಸಕ್ಕೆ ಜಗಳಾಡುವುದನ್ನು ಕಂಡಿದ್ದೀರಾ? ಸಿಸ್ಟಮ್‌ಡಿ ಇರುವ ಲಿನಕ್ಸಿನಲ್ಲಿ ಮಶೀನ್-ಐಡಿ ಎಂಬ ಪುಟ್ಟ ಫೈಲಿನಲ್ಲಿ 32 ಅಕ್ಷರಗಳ ಗುರುತು ಇರುತ್ತದೆ. ಉಬುಂಟು 18.04 ಸರ್ವರ್‌ನಂಥವು ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿಗೆ ಹೆಸರು ಹೇಳುವಾಗ ಇದರಿಂದ ಹುಟ್ಟಿಸಿದ ಗುರುತನ್ನೇ ಕೊಡುತ್ತವೆ. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬೇರೆಯಾದರೂ ಸರ್ವರ್ ‘ಓ, ಅದೇ ಗಿರಾಕಿ’ ಎಂದು ಎಲ್ಲಕ್ಕೂ ಅದೇ ವಿಳಾಸ ದಯಪಾಲಿಸುತ್ತದೆ. ಪರಿಹಾರ ಸರಳ: ಇಮೇಜ್ ತೆಗೆಯುವ ಮುನ್ನ ಆ ಫೈಲನ್ನು ಬರಿದು ಮಾಡಿಡಿ, ಮುಂದಿನ ಬೂಟಿನಲ್ಲಿ ಪ್ರತಿ ಯಂತ್ರವೂ ತನ್ನದೇ ಗುರುತು ಹುಟ್ಟಿಸಿಕೊಳ್ಳುತ್ತದೆ.

ಅದಕ್ಕೂ ಹಿಂದಿನ ಕಾಲದಲ್ಲಿ ಯೂಡೆವ್ ಎಂಬುದು ಕಾರ್ಡುಗಳ ಮ್ಯಾಕ್ ವಿಳಾಸ ಬರೆದಿಡುತ್ತಿತ್ತು. ನಕಲಾದ ಯಂತ್ರದಲ್ಲಿ ಬೇರೆ ಕಾರ್ಡು ಕಂಡೊಡನೆ ಅದಕ್ಕೆ ‘ಇತ್0’ ಬದಲು ‘ಇತ್1’ ಎಂಬ ಹೆಸರು. ಹೊಂದಿಕೆಯೆಲ್ಲ ಇತ್0 ಹೆಸರಿನಲ್ಲಿ, ಕೇಬಲ್ ಇತ್1ರಲ್ಲಿ!

★

ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನೂ ಅಳಿಸಬೇಕು. ಇಲ್ಲವಾದರೆ ಎಂಬತ್ತು ಯಂತ್ರಕ್ಕೂ ಒಂದೇ ಕೀಲಿ. ಆದರೆ ಇಲ್ಲೊಂದು ಹೊಂಡವಿದೆ. ರೆಡ್ ಹ್ಯಾಟ್ ಬಳಗದ ಲಿನಕ್ಸುಗಳು ಕೀಲಿ ಇಲ್ಲದಿದ್ದರೆ ತಾವೇ ಹೊಸದು ಮಾಡಿಕೊಳ್ಳುತ್ತವೆ. ಡೆಬಿಯನ್ ಆದರೋ ಸಾಮಾನ್ಯವಾಗಿ ಎಸ್‌ಎಸ್‌ಎಚ್ ಪ್ಯಾಕೇಜ್ ಹಾಕುವಾಗ ಮಾತ್ರ ಕೀಲಿ ಮಾಡುತ್ತದೆ. ಅಲ್ಲಿ ಮೊದಲ ಬೂಟಿನಲ್ಲಿ ಕೀಲಿ ಹುಟ್ಟಿಸುವ ವ್ಯವಸ್ಥೆಯನ್ನು ನೀವೇ ಇಡದಿದ್ದರೆ ಎಸ್‌ಎಸ್‌ಎಚ್ ಏಳುವುದಿಲ್ಲ, ದೂರದ ಯಂತ್ರದ ಬಾಗಿಲು ಭದ್ರ.

★

ಆಗ ಕೈಹಿಡಿಯುವುದು 1960ರಲ್ಲಿ ಬಂದ ಆರ್‌ಎಸ್-232 ಸೀರಿಯಲ್ ಸಂಪರ್ಕ! ಎಮುಲ್ಯಾಬ್‌ನಂಥ ಪರೀಕ್ಷಾ ಜಾಲದ ಯಂತ್ರಗಳ ಮುಂದೆ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ. ಸೀರಿಯಲ್ ಕನ್ಸೋಲಿಗೆ ಬರೆ ಎಂದು ಕರ್ನಲ್‌ಗೆ ಹೇಳದೆ ಇಮೇಜ್ ಮಾಡಿದರೆ, ‘ಡ್ರೈವರ್ ಸಿಗಲಿಲ್ಲ’ ಎಂಬ ಗೋಳು ಇಲ್ಲದ ಪರದೆಯ ಮೇಲೆ ಮೂಡುತ್ತಿರುತ್ತದೆ.

★

ಯಂತ್ರಗಳ ನಡುವಿನ ತಂತಿಯನ್ನೂ ಬೇಕೆಂದೇ ನಿಧಾನಗೊಳಿಸಬಹುದು. ಇಟಲಿಯ ಪೀಸಾದ ಲೂಯಿಜಿ ರಿಝೋ 1997ರಲ್ಲಿ ಪ್ರಕಟಿಸಿದ ಡಮ್ಮಿನೆಟ್ ಎಂಬ ತಂತ್ರಾಂಶವನ್ನು ಎಮುಲ್ಯಾಬ್ ಈ ಕೆಲಸಕ್ಕೆ ಹಚ್ಚಿತು. ಒಂದೇ ಕೋಣೆಯ ಎರಡು ಯಂತ್ರ, ನಡುವೆ ಖಂಡಾಂತರದಷ್ಟು ವಿಳಂಬ.

★

ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದ ಆರ್ಬಿಟ್ ವೈರ್‌ಲೆಸ್ ಜಾಲದಲ್ಲಿ ಯಂತ್ರಗಳು ಚಾವಣಿಯಿಂದ ನೇತಾಡುತ್ತವೆ. 20 ಸಾಲು, ಸಾಲಿಗೆ 20, ಒಟ್ಟು 400. ಅಲ್ಲಿ ಇಮೇಜ್ ಹಂಚುವುದೂ ಫ್ರಿಸ್ಬಿಯೇ.

★

ನಮ್ಮ ಕಾಲೇಜು ಲ್ಯಾಬುಗಳಲ್ಲಿ ‘ಘೋಸ್ಟ್ ಹಾಕೋದು’ ಎಂದು ಹೇಳುತ್ತಿದ್ದ ಕೆಲಸದ ಬೇರು ನ್ಯೂಜಿಲೆಂಡಿನಲ್ಲಿದೆ. ಆಕ್ಲೆಂಡಿನ ಬೈನರಿ ರಿಸರ್ಚ್ ಕಂಪನಿಯಿಂದ ಘೋಸ್ಟ್ ತಂತ್ರಾಂಶವನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡಿತು. ಇಂದು ಅದೇ ಕೆಲಸಕ್ಕೆ ತೈವಾನಿನ ಕ್ಲೋನ್‌ಜಿಲ್ಲಾ ಇದೆ, ಬಿಟ್ಟಿಯಾಗಿ, ಮಲ್ಟಿಕಾಸ್ಟ್ ಸಮೇತ. ನಿಮ್ಮ ಲ್ಯಾಬಿನ ಲಿನಕ್ಸಿಗೆ ಅದನ್ನು ಬಳಸುವುದಾದರೆ ಮಶೀನ್-ಐಡಿಯನ್ನೂ ಎಸ್‌ಎಸ್‌ಎಚ್ ಕೀಲಿಗಳನ್ನೂ ಅಳಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ, ಆಮೇಲೆ ಎಂಟರ್ ಒತ್ತಿ.